ಮೇಡಂಗೋಸ್ಕರ ಉಳಿಸಿದ ಡೀಸೆಲ್

ಎಂಜಿನ್ ಆಫ್ ಮಾಡಿ ಎಂದು ಗದರಿದ್ದೇ ನಾನು ಅವನೊಂದಿಗೆ ಆಡಿದ ಮೊದಲ ಮಾತು. ನಿಂತ ರೈಲು ಸುಮ್ಮಸುಮ್ಮನೆ ಹೊಗೆ ಬಿಡುತ್ತಿತ್ತು, ಡ್ರೈವರ್ ಮಹಾಶಯ ಬಾಗಿಲಿಗೊರಗಿ ಟೀ ಹೀರುತ್ತಿದ್ದ. ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗೋದು ಕಷ್ಟ, ಮೇಡಂ ಬಂದು ತಳ್ಳುತ್ತಾರಾ ಎಂದು ಕೇಳಿದ. ನನಗೆ ಮೈಯೆಲ್ಲ ಉರಿಯಿತು. ಆದರೆ ನಗುವಾಗ ಅವನ ಒಂದು ಕಣ್ಣು ಮಾತ್ರ ಸಣ್ಣದಾಗುತ್ತಿತ್ತು. ಅದನ್ನು ನೋಡಿಬಿಟ್ಟೆ, ನೋಡಬಾರದಿತ್ತು.

ಗುಡ್ಡದ ಆ ಪುಟ್ಟ ಮಾರ್ಗದಲ್ಲಿ ಡೀಸೆಲ್ ತೆಗೆದು ಬ್ಯಾಟರಿ ರೈಲು ಓಡಿಸಬೇಕೆಂಬುದು ನನ್ನ ಯೋಜನೆ. ಹಗಲುಗನಸು ಎಂದು ಆಫೀಸಿನವರೆಲ್ಲ ಮೂಗು ಮುರಿದಿದ್ದರು. ಈಗಿನ ರೈಲು ಎಷ್ಟು ಡೀಸೆಲ್ ಕುಡಿಯುತ್ತದೆ, ಎಷ್ಟು ಹೊಗೆ ಉಗುಳುತ್ತದೆ ಎಂದು ಅಳೆದು ತೋರಿಸಿದರೆ ಮಾತ್ರ ಮಂಜೂರಾತಿ. ಮೀಟರ್ ಕೂರಿಸಲು ಅವನ ರೈಲನ್ನೇ ಆರಿಸಿಕೊಂಡೆ. ಯಾಕೆಂದು ಬಿಡಿಸಿ ಹೇಳಬೇಕೆ? ದಿನವೂ ಓಡಿಸುವ ಹಾಗೇ ಓಡಿಸಿ ಎಂದಷ್ಟೇ ಅವನಿಗೆ ಹೇಳಿದ್ದೆ.

ಅವನು ರೈಲನ್ನು ಮಗು ಎತ್ತಿಕೊಂಡಂತೆ ನಡೆಸಿದ. ಇಳಿಜಾರು ಬಂದರೆ ಎಂಜಿನ್ನಿಗೆ ಬಿಡುವು ಕೊಟ್ಟು, ತನ್ನ ಭಾರಕ್ಕೆ ತಾನೇ ಉರುಳಲು ಬಿಡುತ್ತಿದ್ದ. ಇವನ ಕೈಯೇ ಹಗುರ ಎಂದುಕೊಂಡೆ. ಎದುರಿನ ಗಾಜಿನಲ್ಲಿ ಅವನ ಕಣ್ಣು ನನ್ನ ಕಣ್ಣಿಗೆ ಸಿಕ್ಕಿಬಿದ್ದಾಗಲೆಲ್ಲ ಸಿಗ್ನಲ್ ನೋಡುತ್ತಿದ್ದೆ ಎನ್ನುತ್ತಿದ್ದ. ಸಿಗ್ನಲ್ ನನ್ನ ಕಿವಿಯೋಲೆಯಲ್ಲಿದೆಯಾ ಎಂದು ನಾನು ರೇಗಿಸುತ್ತಿದ್ದೆ. ಮೀಟರ್ ಮೇಲೆ ನನ್ನ ಗಮನವೇ ಇರಲಿಲ್ಲ.

ಅಳತೆ ಮುಗಿದ ಮೇಲೆ ದೊಡ್ಡ ಸಾಹೇಬರು ಕರೆಸಿದರು. ಹಳೇ ರೈಲೇ ಇಷ್ಟು ಕಡಿಮೆ ಡೀಸೆಲ್‌ನಲ್ಲಿ ಓಡುವಾಗ ಹೊಸದೇಕೆ, ಎಲ್ಲ ಡ್ರೈವರುಗಳಿಗೂ ಹೀಗೇ ಓಡಿಸಲು ಕಲಿಸಿದರಾಯಿತು ಎಂದರು. ಯೋಜನೆಯನ್ನು ಮೂಲೆಗೆ ಹಾಕಿದರು, ನನ್ನನ್ನು ಬೇರೆ ಊರಿಗೆ ಹಾಕಿದರು. ಹೊರಗೆ ಸಿಕ್ಕ ಅವನ ಸಹಾಯಕ ಡ್ರೈವರ್ ನಗುತ್ತಾ, ಮೇಡಂ ಬಂದಮೇಲೆ ನಮ್ಮ ಅಣ್ಣ ಓಡಿಸೋ ರೀತಿಯೇ ಬದಲಾಗಿಹೋಯ್ತು ಎಂದ. ಹಾಗಾದರೆ ಮೀಟರ್ ಅಳೆದದ್ದು ದಿನದ ಓಟವನ್ನಲ್ಲ ಎನ್ನಲು ಮತ್ತೆ ಸಾಹೇಬರ ಬಳಿಗೆ ಓಡಿ ಬಂದೆ.

ಡ್ರೈವರುಗಳ ವಿಶ್ರಾಂತಿ ಕೋಣೆಯಲ್ಲಿ ಅವನೊಬ್ಬನೇ ಶೂ ಬಿಚ್ಚುತ್ತಿದ್ದ. ವಿಷಯ ಹೇಳಿದೆ. ಬಿಚ್ಚಿದ ಶೂ ಕೈಯಲ್ಲೇ ಹಿಡಿದು ಎದ್ದು ನಿಂತ.

"ಹೊಗೆ ಕಂಡ್ರೆ ನೀವು ಮುಖ ಸಿಂಡರಿಸ್ತಿದ್ರಿ. ಕಮ್ಮಿ ಮಾಡಿದ್ರೆ ಖುಷಿಪಡ್ತೀರಿ ಅಂದ್ಕೊಂಡೆ," ಎಂದ.

ಮತ್ತೊಮ್ಮೆ ಅಳೆಯಿರಿ, ಮೊದಲಿನಂತೆಯೇ ಓಡಿಸುತ್ತೇನೆ ಎಂದು ಗೋಗರೆದ. ಅದನ್ನೂ ಕೇಳಿ ನೋಡಿದ್ದೆ. ಕಡಿಮೆಯಲ್ಲಿ ಓಡುತ್ತದೆಂದು ಗೊತ್ತಾದ ಮೇಲೆ ಜಾಸ್ತಿಯ ಲೆಕ್ಕವನ್ನು ಯಾರು ನಂಬುತ್ತಾರೆ ಎಂದು ಸಾಹೇಬರು ನಕ್ಕಿದ್ದರು.

"ನಾನು ಇಷ್ಟ ಅಂತ ನೀನು ಒಂದು ಮಾತು ಬಾಯಿಬಿಟ್ಟು ಹೇಳಿದ್ರೆ ಸಾಕಿತ್ತು ಕಣೋ," ಎಂದೆ. ಬಹುವಚನ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. "ಡೀಸೆಲ್ ಉಳಿಸು ಅಂತ ನಿನ್ನ ಯಾರು ಕೇಳಿದ್ರು?"

"ಈಗ ಹೇಳಿದ್ರೆ?"

ನನಗೆ ಅವನು ಬೇಕಾಗಿದ್ದ. ಆ ಸಿಟ್ಟಿನಲ್ಲೂ ಬೇಕಾಗಿದ್ದ. ಅವನು ಹೇಳಿಬಿಟ್ಟಿದ್ದರೆ ಕೆಲಸ ಬಿಟ್ಟಾದರೂ ಇಲ್ಲೇ ಉಳಿದುಬಿಡುತ್ತಿದ್ದೆ. ಆಮೇಲೆ ಅವನ ಮುಖ ಕಂಡಾಗಲೆಲ್ಲ ಓಡದೇ ಹೋದ ನನ್ನ ರೈಲು ನೆನಪಾಗಿ, ದಿನಾ ಅವನನ್ನು ಹಂಗಿಸುತ್ತಿದ್ದೆ. ನನ್ನ ಬುದ್ಧಿ ನನಗೆ ಗೊತ್ತು.

"ಬೇಡ, ಹೇಳ್ಬೇಡ," ಎಂದೆ.

ಅವನು ಹೇಳಲಿಲ್ಲ. ನನ್ನ ಮಾತನ್ನು ಅವನು ಚಾಚೂ ತಪ್ಪದೆ ನಡೆಸಿಕೊಟ್ಟದ್ದು ಅದೊಂದೇ ಸಲ.