ಸೀಗಡಿಗೆ ಬೆರೆಸಿದ ಮದ್ದು

ಹರಿಹರದಿಂದ ಬೈಕಿನಲ್ಲಿ ಸೀಗಡಿ ತಂದ ಅಂಜನಕುಮಾರ ಶಾಮನೂರಿನ ಆ ಪುಟ್ಟ ಅಡುಗೆಮನೆಗೆ ಕಾಲಿಟ್ಟಾಗಿನಿಂದ ಚೌಡೇಶ್ವರಿ ಅವನ ಕೈಯನ್ನೇ ನೋಡುತ್ತಿದ್ದಳು. ಮುಖ ನೋಡಬಾರದೆಂದು ಮೊದಲೇ ಗಟ್ಟಿಮಾಡಿಕೊಂಡಿದ್ದಳು. ಮುಖ ನೋಡುತ್ತ ಕೂತರೆ ಕೈ ಏನು ಬೆರೆಸಿತೋ ತಿಳಿಯುವುದಿಲ್ಲ.

ಇಬ್ಬರೂ ಪಕ್ಕದ ಕರೂರಿನ ಒಂದೇ ಫ್ಯಾಕ್ಟರಿಯವರು. ಒಂದು ಮಧ್ಯಾಹ್ನ ಅವನ ಡಬ್ಬಿಯ ಮೀನು ತಿಂದದ್ದೇ ನೆವ, ಅವಳಿಗೆ ಬೇರೆ ಊಟ ಸೇರದಾಯಿತು. ಮಿಷನ್ ಮುಂದೆ ಕೂತರೂ ಅವನದೇ ನಗು. ಬೇಸಿಗೆಯಲ್ಲಿ ಅವನು ಮದುವೆಯ ಮಾತೆತ್ತಿದಾಗ "ನೋಡಾನ" ಎಂದು ತಪ್ಪಿಸಿಕೊಂಡಳು. ಆಮೇಲೆ ಅವನ ಡಬ್ಬಿಯಲ್ಲಿ ಮೀನೇ ಕಾಣಲಿಲ್ಲ. ದಿನವೂ ಕಾಳುಪಲ್ಯ.

"ಮದ್ದು ಹಾಕ್ಯಾನೆ ಮಗಳೇ," ಎಂದಳು ದೊಡ್ಡಮ್ಮ ಹಂಪವ್ವ. "ಮನಸ್ಸು ತಿರುಗ್ಲಿ ಅಂತ ಊಟದಾಗ ಬೆರೆಸಿ ತಿನ್ನಿಸ್ಯಾನೆ. ಕೆಲಸ ಆತು, ಮೀನು ತರೋದು ಬಿಟ್ಟ."

ಅದಕ್ಕೇ ಚೌಡೇಶ್ವರಿ ಅವನಿಗೆ ಸವಾಲು ಹಾಕಿದ್ದಳು. ನಮ್ಮ ಮನೆಯಾಗ, ನಮ್ಮ ಪಾತ್ರೆಯಾಗ, ನನ್ನ ಕಣ್ಣೆದುರಿಗೆ ಮಾಡ್ರಿ.

"ಆ ಪೊಟ್ಟಣದಾಗ ಏನೈತೆ?" ಎಂದಳು ಈಗ, ಅವನು ಚೀಲದಿಂದ ಪೊಟ್ಟಣವೊಂದನ್ನು ತೆಗೆದೊಡನೆ.

"ಬೆಲ್ಲ ಕಣ್ರಿ."

"ತಿಂದು ತೋರಿಸ್ರಿ."

ಅವನು ಒಂದು ಚೂರು ಬಾಯಿಗೆ ಹಾಕಿಕೊಂಡ. ಹಂಪವ್ವನೂ ಕೈ ಚಾಚಿದಳು, ಪರೀಕ್ಷೆಗೆಂದು.

ಕಾದ ಎಣ್ಣೆಗೆ ಬೆಳ್ಳುಳ್ಳಿ, ಕರಿಬೇವು ಬಿದ್ದವು. ಅರಿಶಿನ, ಉಪ್ಪು, ಖಾರ ಸವರಿದ ಸೀಗಡಿ ಚುಂಯ್ ಎಂದು ಸುರುಳಿ ಸುತ್ತಿ ಕೆಂಪಾಯಿತು. ಹುಣಸೆರಸ, ಮೇಲೆ ಬೆಲ್ಲ. ಮನೆಯೆಲ್ಲ ಘಂ ಎಂದಾಗ ಅವನ ಗಂಟಲಮಣಿ ಮೇಲಕ್ಕೆ ಹೋಗಿ ಕೆಳಗಿಳಿಯಿತು. ಉಗುಳು ನುಂಗುತ್ತಾನೆ, ಭಯಕ್ಕೆ, ಎಂದುಕೊಂಡಳು.

"ಆಗ್ಲೇ ಆತಾ?"

"ಸೀಗಡಿ ಕಾಯಂಗಿಲ್ರಿ. ನೋಡಾನ, ನೋಡಾನ ಅಂದ್ರೆ ರಬ್ಬರ್ ಆಗ್ತೈತೆ."

ಹಂಪವ್ವ ಕಿಸಕ್ಕೆಂದಳು. ಚೌಡೇಶ್ವರಿ ತುಟಿ ಕಚ್ಚಿ ನಗು ತಡೆದಳು.

ಅವನು ಎರಡೇ ತಟ್ಟೆಗೆ ಬಡಿಸಿದ.

"ನಿಮಗೆ?"

"ನೀವು ಉಣ್ರಿ."

"ಮೊದ್ಲು ನೀವು ತಿನ್ರಿ."

"ನಾನು ತಿನ್ನಂಗಿಲ್ಲ."

ಹಂಪವ್ವ ತಟ್ಟೆಯನ್ನು ದೂರ ಸರಿಸಿದಳು. "ಕಂಡ್ಯಾ ಮಗಳೇ!"

"ಯಾಕ? ಇವತ್ತು ಸೋಮವಾರ ಅಲ್ಲ, ಶನಿವಾರಾನೂ ಅಲ್ಲ," ಎಂದಳು ಚೌಡೇಶ್ವರಿ.

ಅವನು ತಲೆ ತಗ್ಗಿಸಿದ. ಮದ್ದಿನ ಮಾತು ನಿಜವೇ ಆಯಿತು, ಎಂದುಕೊಂಡಳು. ಇದು ಸುಳ್ಳಾಗಲಿ ಎಂದು ಎಷ್ಟೊಂದು ಆಸೆಪಟ್ಟಿದ್ದಳು! ಹಾಗಾದರೆ ನನ್ನೊಳಗೆ ಹುಟ್ಟಿದ್ದು ನನ್ನದೇ ಅಲ್ಲವೇ?

"ಹೋಗ್ರಿ," ಎಂದಳು. "ಇನ್ಮೇಲೆ ಮಾತಾಡಿಸ್ಬ್ಯಾಡ್ರಿ."

ಅವನು ಹೆಲ್ಮೆಟ್ ತೆಗೆದುಕೊಂಡು ಹೊಸಿಲವರೆಗೆ ಹೋದವನು ನಿಂತ.

"ಹೊಳೀಗೆ ಕೈಮುಗಿದು ಹರಕೆ ಕಟ್ಟೀನಿ. ನೀವು ಹೂಂ ಅನ್ನೋತನ್ಕ ಮೀನು, ಸೀಗಡಿ ಬಾಯಿಗೆ ಇಡಂಗಿಲ್ಲ ಅಂತ. ಹೊಳೆ ದಂಡೆಯಾಗ ಬೆಳೆದೋನು, ಅದನ್ನ ಬಿಟ್ರೆ ನಾನು ಇನ್ನೇನು ಬಿಡ್ಲಿ?"

ದಿನದಿನದ ಕಾಳುಪಲ್ಯ. ಈಗ ತಾನೇ ನುಂಗಿದ ಉಗುಳು. ಚೌಡೇಶ್ವರಿಗೆ ಎಲ್ಲವೂ ಒಟ್ಟಿಗೆ ತಿಳಿದವು.

"ಮೊದ್ಲೇ ಹೇಳಬಾರ್ದಾ?"

"ಹೇಳಿದ್ರೆ ಕನಿಕರಕ್ಕೆ ಹೂಂ ಅಂದುಬಿಟ್ಟೀರಿ ಅಂತ ಸುಮ್ಮನಿದ್ದೆ."

ಅವಳು ತಟ್ಟೆಯಿಂದ ಒಂದು ಸೀಗಡಿ ಎತ್ತಿ ಬಾಯಿಗಿಟ್ಟುಕೊಂಡಳು. ಮೊದಲು ಸಿಹಿ, ಹಿಂದೆಯೇ ಹುಳಿ, ಕೊನೆಗೆ ಕಿವಿ ಬಿಸಿಯಾಗುವ ಖಾರ. ಆಗಬೇಕಾದದ್ದು ಅವಳಿಗೆ ಎಂದೋ ಆಗಿತ್ತು. ಹೊಸದಾಗಿ ಏನೂ ಆಗಲಿಲ್ಲ.

ಇನ್ನೊಂದನ್ನು ಎತ್ತಿಕೊಂಡು ಹೊಸಿಲಿಗೆ ನಡೆದಳು.

"ಬಾಯಿ ತೆಗಿ."

"ಹರಕೆ ಐತ್ರಿ…"

"ಗೊತ್ತೈತೆ. ತೆಗಿ ಅಂದೆ."

ಹಿಂದೆ ಹಂಪವ್ವ ತಟ್ಟೆಯನ್ನು ಮತ್ತೆ ಹತ್ತಿರ ಎಳೆದುಕೊಂಡಳು. "ಮದ್ದಿದ್ರೂ ಇರ್ಲಿ ಬಿಡು, ಈ ವಯಸ್ಸಿಗೆ ನನ್ನ ಮನಸ್ಸು ಯಾವ ಕಡೆ ತಿರುಗೀತು!"

ಅವನು ಕಣ್ಣು ಮುಚ್ಚಿ, ಅವಸರವಿಲ್ಲದೆ ಅಗಿಯತೊಡಗಿದ. ಚೌಡೇಶ್ವರಿ ಆಗ, ಆ ಸಂಜೆಯಲ್ಲೇ ಮೊದಲ ಸಲ, ಅವನ ಕೈ ನೋಡುವುದು ಬಿಟ್ಟು ಮುಖ ನೋಡಿದಳು.