ಮೈಲಪ್ಪಜ್ಜನ ಬಿಳಿ ಹಲ್ಲು

“ಇಹೇ ಹೇಹು” ಎಂದಳು ಶಾಂತಕುಮಾರಿ.

ಬಾಯಿ ಅಗಲವಾಗಿ ತೆರೆದುಕೊಂಡು ‘ಇದೇ ಬೇಕು’ ಎಂದರೆ ಹಾಗೆಯೇ ಕೇಳಿಸುತ್ತದೆ. ಕೂಡ್ಲಿಗಿಯ ಹಲ್ಲಿನ ಡಾಕ್ಟರು ಅವಳ ಮುಂದೆ ಒಂದು ಪಟ್ಟಿ ಹಿಡಿದಿದ್ದರು. ಅದರ ಮೇಲೆ ಹದಿನಾರು ಮಾದರಿ ಹಲ್ಲುಗಳು ಸಾಲಾಗಿದ್ದವು. ಒಂದು ತುದಿಯಲ್ಲಿ ಮಾಸಿದ ಹಳದಿ, ಇನ್ನೊಂದು ತುದಿಯಲ್ಲಿ ಹಾಲಿನ ಬಿಳುಪು. ಅವಳ ಬೆರಳು ಎಲ್ಲಕ್ಕಿಂತ ಬೆಳ್ಳಗಿದ್ದುದರ ಮೇಲಿತ್ತು.

“ಅದು ಬ್ಯಾಡಮ್ಮ. ಬಾಯಾಗ ಟ್ಯೂಬ್‌ಲೈಟ್ ಹಚ್ಚಿದಂಗ ಕಾಣ್ತೈತಿ” ಎಂದರು ಡಾಕ್ಟರು.

ಪಕ್ಕದಲ್ಲಿ ಕುಳಿತಿದ್ದ ಹುಲುಗೇಶ ಮಾವ ನಕ್ಕ. ಸೋದರ ಸೊಸೆಯನ್ನು ಹೊಸಹಳ್ಳಿಯಿಂದ ಬಸ್ಸಿನಲ್ಲಿ ಕರೆತಂದವನು ಅವನೇ. ಹೊಸಹಳ್ಳಿಯ ಫ್ಲೋರೈಡ್ ನೀರು ಕುಡಿದು ಬೆಳೆದ ಬಹಳ ಮಂದಿಯಂತೆ ಶಾಂತಕುಮಾರಿಯ ಮುಂದಿನ ಹಲ್ಲುಗಳ ಮೇಲೂ ಕಂದು ಗೆರೆಗಳಿದ್ದವು. ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಕ್ಲಾಸಿನ ಶಾಕೀರ ಅವಳಿಗೆ ‘ಚಾಕಲೇಟ್ ಹಲ್ಲು’ ಎಂದು ಹೆಸರಿಟ್ಟಿದ್ದ. ಅವನ ಹಲ್ಲುಗಳೂ ಹಾಗೆಯೇ ಇದ್ದವು. ಆದರೆ ಅವನು ಮೊದಲು ಹೇಳಿಬಿಟ್ಟಿದ್ದ.

“ನೋಡು, ಇದು ಹೊಲಸಲ್ಲ, ರೋಗಾನೂ ಅಲ್ಲ” ಎಂದರು ಡಾಕ್ಟರು. “ಔಷಧ ಹಚ್ಚಿ ಕಲೆ ತಿಳಿ ಮಾಡಬಹುದು. ನಾಲ್ಕು ಸಲ ಬರಬೇಕು. ಸ್ವಲ್ಪ ಜುಮ್ ಅಂತಾವ. ನೀನಿನ್ನೂ ಏಳನೇ ಕ್ಲಾಸು, ಅವಸರ ಏನೂ ಇಲ್ಲ. ಮಾಡಿಸಬೇಕೋ ಬ್ಯಾಡೋ ವಿಚಾರ ಮಾಡಿ ಹೇಳು.”

ವಿಚಾರ ಮಾಡುವುದೇನಿದೆ, ಮಾಡಿಸಲೇಬೇಕು ಎಂದು ಹೇಳಲು ಅವಳು ತೆರೆದ ಬಾಯಿ ಮುಚ್ಚುವಷ್ಟರಲ್ಲಿ ಮಾವನ ಮೊಬೈಲು ಕೂಗಿತು. ಮಾವ ಹೊರಗೆ ಹೋಗಿ ಮಾತನಾಡಿ ಬಂದ. ಬಂದವನ ಮುಖದಲ್ಲಿ ನಗು ಇರಲಿಲ್ಲ.

“ಏಳವ್ವ. ಹಲ್ಲು ಆಮ್ಯಾಲ ನೋಡೂಣಂತ. ಊರಿಗೆ ಹೋಗೂಣ.”

ಬಸ್ಸು ಹತ್ತಿದ ಮೇಲೆಯೇ ಮಾವ ಹೇಳಿದ್ದು. ಮಧ್ಯಾಹ್ನ ಊಟ ಮಾಡಿ ಕಟ್ಟೆಯ ಮೇಲೆ ಒರಗಿದ್ದ ಅವಳಪ್ಪನ ಅಪ್ಪ ಮೈಲಪ್ಪಜ್ಜ ಮತ್ತೆ ಏಳಲಿಲ್ಲವಂತೆ. ಶಾಂತಕುಮಾರಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಊರು ಬರುವವರೆಗೂ ಈ ಕಡೆ ತಿರುಗಲಿಲ್ಲ.

ಮೈಲಪ್ಪಜ್ಜ ನಕ್ಕರೆ ಓಣಿಯ ಆ ತುದಿಯವರು “ಏನಾತು” ಎಂದು ಹೊರಗೆ ಬಂದು ನೋಡುತ್ತಿದ್ದರು. ಅಂಥ ಅಜ್ಜನ ಫೋಟೊಗಳು ಮನೆಯಲ್ಲಿ ಇದ್ದುದು ಎರಡೇ. ಒಂದು ರೇಷನ್ ಕಾರ್ಡಿನದು. ಅದರಲ್ಲಿ ಅಜ್ಜ ಯಾರಿಗೋ ಬೈಯಲು ಕಾಯುತ್ತಿರುವವನಂತೆ ಇದ್ದ. ಇನ್ನೊಂದು, ಸ್ಟುಡಿಯೋದ ಜಮಾಲುದ್ದೀನ ಹೊಸ ಕ್ಯಾಮೆರಾ ತಂದ ದಿನ ತೆಗೆದದ್ದು. ಅದರಲ್ಲಿ ಅಜ್ಜ ಬಾಯಿ ತುಂಬ ನಗುತ್ತಿದ್ದ.

ಎಂಟನೆಯ ದಿನ ಅಪ್ಪ ಪಾಲಣ್ಣ ನಗುವ ಫೋಟೊವನ್ನು ಮಗಳ ಕೈಗೆ ಕೊಟ್ಟ. “ಜಮಾಲಣ್ಣಗ ಕೊಟ್ಟು ದೊಡ್ಡದು ಮಾಡ್ಸು. ಹನ್ನೊಂದನೇ ದಿನ ಪೂಜಿಗೆ ಇಡಬೇಕು. ಫ್ರೇಮ್ ಹಾಕಂತ ಹೇಳು.”

ಸ್ಟುಡಿಯೋದ ಕಂಪ್ಯೂಟರಿನಲ್ಲಿ ಅಜ್ಜನ ಮುಖ ಊಟದ ತಟ್ಟೆಯಷ್ಟು ದೊಡ್ಡದಾಯಿತು. ಹಲ್ಲಿನ ಕಂದು ಗೆರೆಗಳೂ ದೊಡ್ಡವಾದವು. ಇದು ಗೋಡೆಯ ಮೇಲೆ ಯಾವಾಗಲೂ ಇರುತ್ತದೆ, ಬಂದವರೆಲ್ಲ ನೋಡುತ್ತಾರೆ, ಶಾಕೀರನೂ ನೋಡುತ್ತಾನೆ. ಅಜ್ಜನಿಗೂ ಒಂದು ಹೆಸರಿಟ್ಟರೆ?

“ಚಾಚಾ, ಅಜ್ಜನ ಹಲ್ಲು ಬೆಳ್ಳಗ ಮಾಡಾಕ ಬರ್ತೈತೇನ್ರಿ?”

“ಬರ್ತೈತಿ. ಮನ್ಯಾಗ ಕೇಳಿಯೇನು?”

“ಹೂಂ” ಎಂದಳು ಶಾಂತಕುಮಾರಿ. ಅವಳು ಕೇಳಿರಲಿಲ್ಲ.

ಡಾಕ್ಟರು ನಾಲ್ಕು ಸಲ ಬಾ ಎಂದಿದ್ದರು. ಜಮಾಲುದ್ದೀನನಿಗೆ ನಾಲ್ಕು ನಿಮಿಷವೂ ಬೇಕಾಗಲಿಲ್ಲ. ಪಟ್ಟಿಯ ತುದಿಯ ಹಲ್ಲಿನಷ್ಟೇ ಬೆಳ್ಳಗೆ ಅಜ್ಜ ಮಿಂಚತೊಡಗಿದ. ಶಾಂತಕುಮಾರಿಗೆ ಖುಷಿಯಾಯಿತು.

ಹನ್ನೊಂದನೆಯ ದಿನ ಬಂತು. ಅಂಗಳದಲ್ಲಿ ಬಂಧುಗಳು ಸೇರಿದರು. ಕಾಗದ ಸುತ್ತಿದ್ದ ಫ್ರೇಮನ್ನು ಅಪ್ಪ ಬಿಚ್ಚಿ, ಮಣೆಯ ಮೇಲಿಟ್ಟು ವಿಭೂತಿ ಹಚ್ಚಿದ. ಮೊದಲ ಹೂವು ಅಜ್ಜಿಯದು. ಗಾದೆಮ್ಮಜ್ಜಿ ಹೂವು ಹಿಡಿದು ಬಂದಳು, ಬಗ್ಗಿದಳು, ನೋಡಿದಳು. ಹೂವು ಹಿಡಿದುಕೊಂಡೇ ನೆಟ್ಟಗೆ ನಿಂತಳು.

“ಯಾರಿವನು?”

“ಅಪ್ಪ ಅಲ್ಲೇನವ್ವ” ಎಂದ ಪಾಲಣ್ಣ.

“ನಿಮ್ಮಪ್ಪ ಅಲ್ಲ. ಯಾರೋ ಹಲ್ಲುಪುಡಿ ಮಾರೋನು. ಬ್ಯಾರೆ ಗಂಡಸಿಗೆ ನಾ ಯಾಕ ಹೂವು ಏರಿಸ್ಲಿ?”

ಬಂಧುಗಳು ಫೋಟೊದ ಸುತ್ತ ಮುತ್ತಿಕೊಂಡರು.

“ಮೂಗು ನೋಡತ್ತಿ, ಮಾವಂದೇ ಐತಿ” ಎಂದಳು ಅಮ್ಮ ಅಂಜಿನಕ್ಕ.

“ಕಿವೀನೂ ಅಜ್ಜನವೇ ನೋಡವ್ವ” ಎಂದ ಹುಲುಗೇಶ ಮಾವ.

“ಮೂಗು ಕಿವಿ ಎಲ್ಲಾರಿಗೂ ಇರ್ತಾವ. ನಲವತ್ತೆಂಟು ವರ್ಷ ಆ ಬಾಯಿ ನೋಡೀನಿ ನಾನು. ನನಗ ಹೇಳಿಕೊಡ್ತೀರೇನು?”

ಪಾಲಣ್ಣನ ಮುಖ ಕೆಂಪಾಯಿತು. “ಜಮಾಲಣ್ಣ ಹಿಂಗ್ಯಾಕ ಮಾಡಿದ? ಇವತ್ತಿನ ದಿನ ನಮ್ಮ ಮನಿ ಮುಂದ ತಮಾಷಿ ಮಾಡ್ತಾನೇನು? ಹೋಗಿ ಕೇಳ್ತೀನಿ.”

ಅಪ್ಪ ಚಪ್ಪಲಿ ಮೆಟ್ಟುತ್ತಿದ್ದ. ಅಂಗಳ ದಾಟಿದರೆ ಬೈಗುಳವೆಲ್ಲ ಚಾಚಾನ ಪಾಲಿಗೆ.

“ಅಪ್ಪ, ಚಾಚಾಂದು ತಪ್ಪಿಲ್ಲ” ಎಂದಳು ಶಾಂತಕುಮಾರಿ. “ಮನ್ಯಾಗ ಕೇಳೀನಿ ಅಂತ ಸುಳ್ಳು ಹೇಳಿ ನಾನೇ ಮಾಡಿಸೀನಿ.”

ಅಜ್ಜಿ ಅವಳ ಹತ್ತಿರ ಬಂದಳು.

“ಯಾಕ ಮಾಡಿಸಿದಿ?”

“ಅಜ್ಜ ಚೆಂದ ಕಾಣ್ಲಿ ಅಂತ.”

“ಅವನು ಚೆಂದಿಲ್ಲ ಅಂತ ನಿನಗ್ಯಾರು ಹೇಳಿದ್ರು?”

ಶಾಂತಕುಮಾರಿ ಯೋಚಿಸಿದಳು. ಯಾರೂ ಹೇಳಿರಲಿಲ್ಲ. ಅವಳ ಕಣ್ಣು ತುಂಬಿಕೊಂಡಿತು.

ಅಜ್ಜಿ ಫ್ರೇಮನ್ನು ತೆಗೆದು ಅವಳ ಕೈಗಿಟ್ಟಳು. “ಅಳಬ್ಯಾಡ. ಇವನ್ನ ಅಲ್ಲಿ ಬಿಟ್ಟು, ನಿಮ್ಮಜ್ಜನ್ನ ಕರ್ಕೊಂಡು ಬಾ. ಓಡು.”

ಶಾಂತಕುಮಾರಿ ಫ್ರೇಮನ್ನು ಎದೆಗವಚಿಕೊಂಡು ಓಡಿದಳು. ದಾರಿಯಲ್ಲಿ ಸಿಕ್ಕ ಶಾಕೀರ ಏನೋ ಕೂಗಿದ. ಅವಳಿಗೆ ಕೇಳಿಸಲಿಲ್ಲ.

ಸ್ಟುಡಿಯೋ ಕತ್ತಲಾಗಿತ್ತು. ಕರೆಂಟ್ ಇರಲಿಲ್ಲ. ಜಮಾಲುದ್ದೀನ ಒಗೆದ ಅಂಗಿ ತೊಟ್ಟು, ಶಾಂತಕುಮಾರಿಯ ಮನೆಯ ಕಾರ್ಯಕ್ಕೇ ಹೊರಟು ಬಾಗಿಲಲ್ಲಿ ನಿಂತಿದ್ದ. ಅವಳು ಏದುಸಿರು ಬಿಡುತ್ತ ಎಲ್ಲವನ್ನೂ ಹೇಳಿದಳು. ಸುಳ್ಳು ಹೇಳಿದ್ದನ್ನೂ ಹೇಳಿದಳು.

“ಕರೆಂಟ್ ಸಂಜಿಗೆ ಬರ್ತೈತಿ” ಎಂದ ಅವನು.

ಶಾಂತಕುಮಾರಿ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕುಳಿತಳು. ಜಮಾಲುದ್ದೀನ ತಲೆ ಕೆರೆದುಕೊಂಡು ಒಳಗೆ ಹೋದ. ಡ್ರಾಯರ್ ಎಳೆದ ಸದ್ದಾಯಿತು. ಬಂದಾಗ ಅವನ ಕೈಯಲ್ಲಿ ಒಂದು ದೊಡ್ಡ ಫೋಟೊ ಇತ್ತು.

“ನೀ ಹೋದ ಮ್ಯಾಲ ಬೆಳ್ಳಗ ಮಾಡದ ಫೋಟೊದ್ದೂ ಒಂದು ಪ್ರಿಂಟ್ ತೆಗ್ದು ನೋಡಿದ್ದೆ. ಹರಿದು ಹಾಕಾಕ ಕೈ ಬರಲಿಲ್ಲ. ನನ್ನ ನೋಡಿ ನಕ್ಕಿದ್ದಲ್ಲವಾ ಅವನು.”

ಅವನು ಫ್ರೇಮಿನ ಹಿಂದಿನ ಮೊಳೆಗಳನ್ನು ಕಿತ್ತು ಫೋಟೊ ಬದಲಿಸಿದ. ಇಬ್ಬರೂ ಒಟ್ಟಿಗೆ ಮನೆಗೆ ಬಂದರು. ಪಾಲಣ್ಣ ಎದ್ದು ಬಂದು ಜಮಾಲುದ್ದೀನನ ಕೈ ಹಿಡಿದು ತನ್ನ ಪಕ್ಕದಲ್ಲೇ ಕೂಡಿಸಿಕೊಂಡ.

ಅಜ್ಜಿ ಫ್ರೇಮನ್ನು ಕಣ್ಣಿನ ಹತ್ತಿರ ಹಿಡಿದಳು. ಸೆರಗಿನಿಂದ ಗಾಜು ಒರೆಸಿದಳು. ಅವಳ ಹೆಬ್ಬೆರಳು ಹಣೆಯ ಮೇಲೆ ನಿಲ್ಲಲಿಲ್ಲ, ಮೂಗಿನ ಮೇಲೆ ನಿಲ್ಲಲಿಲ್ಲ. ಮುಂದಿನ ಹಲ್ಲಿನ ಕಂದು ಗೆರೆಯ ಮೇಲೆ ಬಂದು ನಿಂತಿತು.

“ಬಂದಿಯಾ” ಎಂದಳು ಮೆಲ್ಲಗೆ. “ಎಲ್ಲಿ ಹೋಗಿದ್ದಿ?”

ಅತ್ತವರು ಕೆಲವರು, ನಕ್ಕವರು ಕೆಲವರು. ಅಜ್ಜಿ ಎರಡನ್ನೂ ಮಾಡಿದಳು. ಆಮೇಲೆ ಹೂವು ಏರಿಸಿದಳು.

ಹುಲುಗೇಶ ಮಾವ ಶಾಂತಕುಮಾರಿಯ ಕಿವಿಯಲ್ಲಿ ಕೇಳಿದ. “ಸೋಮವಾರ ಡಾಕ್ಟರ ಹತ್ರ ಹೋಗೂಣೇನು?”

ಶಾಂತಕುಮಾರಿ ಫೋಟೊದ ಮೇಲೆ ಅಜ್ಜಿಯ ಹೆಬ್ಬೆರಳು ಇದ್ದ ಜಾಗವನ್ನೇ ನೋಡುತ್ತಿದ್ದಳು. ಬಾಯೊಳಗೇ ನಾಲಿಗೆಯಿಂದ ತನ್ನ ಮುಂದಿನ ಹಲ್ಲನ್ನು ಮುಟ್ಟಿಕೊಂಡಳು.

“ಈಗ ಬ್ಯಾಡ ಮಾವ” ಎಂದಳು.

“ಮತ್ತ ಯಾವಾಗ?”

“ಬೇಕು ಅನ್ಸಿದ್ರ ಹೇಳ್ತೀನಿ. ಅನ್ಸದಿದ್ರ ಇಲ್ಲ.”

ಅಷ್ಟರಲ್ಲಿ ಎಲ್ಲರೂ ಎದ್ದು ನಿಂತರು. ಕರ್ಪೂರ ಉರಿಯಿತು. ಜಮಾಲುದ್ದೀನ ಅಂಗೈಗಳನ್ನು ಮೇಲೆ ಮಾಡಿ ಹಿಡಿದ. ಉಳಿದವರು ಕೈ ಮುಗಿದರು. ಶಾಂತಕುಮಾರಿಯೂ ಕಣ್ಣು ಮುಚ್ಚಿ ಕೈ ಮುಗಿದು ಮನಸ್ಸಿನಲ್ಲೇ ಬೇಡಿಕೊಂಡಳು:

‘ಸ್ವಾಮಿ ಮೈಲಾರಲಿಂಗ, ನಮ್ಮಜ್ಜ ನಿನ್ನ ಹತ್ರ ಬಂದಾನ. ಅವಗ ಮೊಣಕಾಲು ನೋವು, ನೆಳ್ಳಾಗ ಕುಂದ್ರಸು. ಅವನ ಜೀವಕ್ಕ ಶಾಂತಿ ಕೊಡು. ಅವನು ಜೋರಾಗಿ ನಗ್ತಾನ. ನಕ್ಕಾಗ ಸುಮ್ನಿರು ಅನ್ನಬ್ಯಾಡ.’