ಚೆರಿ ಕಡಿದ ದಡ್ಡ

"ಏಯ್! ಇಳೀರಿ ಕೆಳಗೆ!"

ಚಿಗುಸಳ ಕೂಗಿನ ರಭಸಕ್ಕೆ ಗುಡಿಯ ಮಾಡಿನ ಮೇಲಿದ್ದ ಕಾಗೆಯೂ ಹಾರಿಹೋಯಿತು. ಫೆಬ್ರವರಿಯ ಕೊರೆಯುವ ಚಳಿ. ಕೊಂಬೆಗಳು ನೆಲದತ್ತ ಇಳಿಬಿದ್ದ ಮುನ್ನೂರು ವರ್ಷದ ಜೋಲುಚೆರಿ ಮರಕ್ಕೆ ಏಣಿ ಹಾಕಿ ಯಾರೋ ಅಪರಿಚಿತ ಗರಗಸ ಆಡಿಸುತ್ತಿದ್ದ!

"ಚೆರಿ ಕಡಿಯೋನು ದಡ್ಡ, ಪ್ಲಮ್ ಕಡಿಯದೋನು ದಡ್ಡ ಅನ್ನೋ ಗಾದೆ ನಿಮ್ಮಮ್ಮ ಹೇಳಿಕೊಡ್ಲಿಲ್ವಾ?"

"ಹೇಳಿದ್ರು." ಅವನು ಏಣಿಯ ಮೇಲಿಂದಲೇ ತಲೆ ಬಾಗಿಸಿದ. "ಆ ದಡ್ಡ ನಾನೇ. ಯಜಿಮಾ ಕಿಯೊಹಾರು, ಮರದ ವೈದ್ಯ. ಈ ಗುಡಿಯ ಗುರುಗಳು ಕರೆಸಿದ್ದಾರೆ. ಇಲ್ನೋಡಿ, ಕಡ್ಡಿಗಳು ಪೊರಕೆ ಥರ ಗುಂಪಾಗಿವೆಯಲ್ಲ, ಇದು ರೋಗ. ಕತ್ತರಿಸದಿದ್ರೆ ಪಕ್ಕದ ಕೊಂಬೆಗೂ ಹಬ್ಬುತ್ತೆ."

ಚಿಗುಸಳ ಮುಖ ಕೆಂಪಾಯಿತು. ಅಪ್ಪ ತೀರಿಕೊಂಡ ಮೇಲೆ ಐದು ವರ್ಷದಿಂದ ಈ ಮರವನ್ನು ನೋಡಿಕೊಳ್ಳುವವಳು ಅವಳೊಬ್ಬಳೇ. ಬೆಳಗ್ಗೆ ಮರ, ಹಗಲು ಸೋಯಾ ಹುದುಗಿಸಿ ಮಿಸೊ ಮಾಡುವ ಕಾರ್ಖಾನೆ, ಸಂಜೆ ಮತ್ತೆ ಮರ. ಆದರೂ ರೋಗ ಕಣ್ಣಿಗೆ ಬಿದ್ದಿರಲಿಲ್ಲ.

'ಎಷ್ಟು ದಣಿದಿದ್ದೀನಿ ನಾನು...'

ಆಮೇಲೆ ಅವನು ತಿಂಗಳಿಗೊಮ್ಮೆ ಬರತೊಡಗಿದ. ಗುಡಿಯ ಮೆಟ್ಟಿಲ ಮೇಲೆ ಕೂತು ಇಬ್ಬರೂ ಅನ್ನದುಂಡೆ ತಿನ್ನುತ್ತಿದ್ದರು. ಅವನು ಅವಳಿಗಿಂತ ಮರದ ಜೊತೆಗೇ ಹೆಚ್ಚು ಮಾತಾಡುತ್ತಿದ್ದ. ಅಷ್ಟಕ್ಕೇ ಅವಳು ಅವನ ದಾರಿ ಕಾಯುವಂತಾಗಿದ್ದಳು!

ಎರಡನೇ ವರ್ಷದ ಶರತ್ಕಾಲದಲ್ಲಿ ಅವನ ಗಾಡಿಯೊಳಗೆ ಒಂದು ಎಳೆ ಚೆರಿ ಗಿಡ ಕಂಡಿತು. ಕೊರಳಿಗೆ ಮರದ ಚೀಟಿ: 'ಎರಡನೆಯದು.'

ಎರಡನೆಯದನ್ನು ಬೆಳೆಸುವುದು ಮೊದಲನೆಯದರ ಆಸೆ ಬಿಟ್ಟಾಗ. ಆ ಊರಲ್ಲಿ ಅದು ಯಾರಿಗೆ ಗೊತ್ತಿಲ್ಲ?

"ನಮ್ಮ ಮರ ಸಾಯುತ್ತೆ ಅಂತ ತೀರ್ಮಾನ ಮಾಡ್ಬಿಟ್ರಾ? ನನ್ನ ಮುಂದೆ ನಗ್ತಾ ನಗ್ತಾನೇ..."

"ಚಿಗುಸ ಅವರೇ, ಅದು..."

"ಇನ್ನು ಬರಬೇಡಿ."

ಆ ಮಹಾಶಯ ಒಂದು ಮಾತಾದರೂ ಆಡಬೇಕಿತ್ತಲ್ಲ? ತಲೆ ಬಾಗಿಸಿದ, ಹೊರಟೇಹೋದ.

ಆ ಚಳಿಗಾಲ ಹಿಮ ಬಿದ್ದದ್ದೇ ಬಿದ್ದದ್ದು. ದಿನವೂ ಬಿದಿರುಗೋಲು ಹಿಡಿದು ಒಬ್ಬಳೇ ಕೊಂಬೆಗಳ ಹಿಮ ಉದುರಿಸಿದಳು. ರಟ್ಟೆ ಬಿದ್ದುಹೋಯಿತು. ಅಳುವುದಕ್ಕೂ ತ್ರಾಣವಿರಲಿಲ್ಲ. ಮಾರ್ಚಿನಲ್ಲಿ ದೊಡ್ಡ ಕೊಂಬೆಗೆ ಆಸರೆ ಕೊಟ್ಟಿದ್ದ ಊರುಗೋಲು ಕೊಳೆತು ವಾಲಿತು. ಮೊಗ್ಗು ತುಂಬಿದ ಕೊಂಬೆ ಇಂದೋ ನಾಳೆಯೋ ಸೀಳುವಂತಿತ್ತು. ಒಬ್ಬಳಿಂದಾಗುವ ಕೆಲಸವಲ್ಲ. ಬಿಂಕ ಬದಿಗಿಟ್ಟು ಅವನ ಮನೆಗೆ ಹೋದಳು.

ಅಂಗಳದಲ್ಲಿ ಅದೇ ಗಿಡ. ನೆಟ್ಟಗೆ ಒಂದು ಬಿದಿರಿಗೆ ಕಟ್ಟಿತ್ತು.

"ಜೋಲೋ ಜಾತಿ," ಕಿಯೊಹಾರು ಹಿಂದಿನಿಂದ ಮೆಲ್ಲಗೆ ಹೇಳಿದ. "ಎಳೇದ್ರಲ್ಲಿ ಕೋಲು ಕಟ್ಟದಿದ್ರೆ ನೆಲದ ಮೇಲೇ ಹರಿಯುತ್ತೆ."

ಗಾಳಿಗೆ ಚೀಟಿ ತಿರುಗಿತು. ಹಿಂಬದಿಯಲ್ಲೂ ಬರಹ! 'ಫೆಬ್ರವರಿ ಇಪ್ಪತ್ತೊಂದು. ಬೈಸಿಕೊಂಡ ದಿನ.'

"ಇದು..."

"ಅವತ್ತು ನಿಮ್ಮ ಮರದಿಂದ ರೋಗವಿಲ್ಲದ ಕಡ್ಡಿನೂ ಒಂದು ತಂದಿದ್ದೆ. ಕಸಿ ಕಟ್ಟಿದೆ."

"ಯಾಕೆ?"

"ಹಳೇ ಮರ ಸಾಯುತ್ತೆ ಅಂತಲ್ಲ. ಅದು ನಮ್ಮಿಬ್ಬರನ್ನೂ ಮೇಲಕ್ಕೆ ಕಳಿಸಿಕೊಟ್ಟೇ ಹೋಗೋದು. ನೀವು ದಣಿದಿದ್ರಿ. ಮರಕ್ಕೊಂದು ಮಗು ಇದ್ರೆ ನಿಮ್ಮ ಭಯ ಸ್ವಲ್ಪ ಇಳಿಯುತ್ತೆ ಅಂತ..."

ಚಿಗುಸ ಬೋರಲು ಹಾಕಿದ್ದ ಕುಂಡದ ಮೇಲೆ ಕುಸಿದು ಕೂತಳು. ಮರ ಹೇಗಿದೆ ಎಂದು ಕೇಳಿದವರು ಊರೆಲ್ಲ. ಅವಳ ದಣಿವನ್ನು ಕಂಡವನು ಇವನೊಬ್ಬನೇ! ಇಡೀ ಚಳಿಗಾಲ ಬಾರದ ಕಣ್ಣೀರು ಈಗ ಬಂತು.

"ಐದು ತಿಂಗಳು ಬಾಯಿಗೆ ಬೀಗ ಹಾಕ್ಕೊಂಡಿದ್ರಲ್ಲ!"

"ಬರಬೇಡಿ ಅಂದ್ರಲ್ಲ..."

"ದಡ್ಡ!"

"ಹೌದು. ನೀವಂದ್ರೆ ನಂಗಿಷ್ಟ, ಚಿಗುಸ ಅವರೇ. ಏಣಿ ಮೇಲಿದ್ದಾಗಿಂದ."

"ಇಳಿದು ಹೇಳೋಕೆ ಎರಡು ವರ್ಷ ಬೇಕಾಯ್ತಾ?" ಅವಳು ಕಣ್ಣೊರೆಸಿಕೊಂಡಳು. "ಆ 'ಅವರೇ' ಬಿಟ್ಟು ಒಂದ್ಸಲ ಕರೀರಿ."

"...ಚಿಗುಸ."

"ಹ್ಞೂಂ." ಪಕ್ಕದಲ್ಲಿ ಬಂದು ಕುಕ್ಕರಿಸಿದ ಅವನ ಭುಜಕ್ಕೆ ಅವಳ ತಲೆ ಒರಗಿತು. "ನಂಗೆ ನಿದ್ದೆ ಬರ್ತಿದೆ. ಆದ್ರೆ ದೊಡ್ಡ ಕೊಂಬೆಯ ಊರುಗೋಲು ಕೊಳೆತು ವಾಲಿದೆ..."

"ನೀನು ಮಲಗು. ಊರುಗೋಲು ನಾನು ಹಾಕಿ ಬರ್ತೀನಿ."